ಕೊಟ್ಟಿಗೆ ಕಳೆದುಕೊಂಡ ಟ್ರಾಮ್: ಸಿಯಾಟಲ್ ದಂಡೆಗೆ ಹಳಿ ಯಾಕೆ ವಾಪಸ್ ಬರಲಿಲ್ಲ?

2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸಿಯಾಟಲ್ ನಗರ ತನ್ನ ಹೊಸ ಕಡಲದಂಡೆಯನ್ನು ಸಂಭ್ರಮದಿಂದ ಜನರಿಗೆ ಬಿಟ್ಟುಕೊಟ್ಟಿತು. 20 ಎಕರೆ ಪಾರ್ಕು. ಅಗಲವಾದ ಕಾಲುದಾರಿ, ಸೈಕಲ್ ದಾರಿ. ಮೇಲಿನ ಮಾರ್ಕೆಟ್ಟಿನಿಂದ ನೀರಿನ ತನಕ ಇಳಿಯುವ ದೊಡ್ಡ ಮೆಟ್ಟಿಲ ಸಾಲು. ಖರ್ಚು ಸುಮಾರು 80 ಕೋಟಿ ಡಾಲರ್. ಇಷ್ಟೆಲ್ಲ ಇದ್ದರೂ ಹಳಬರ ಕಣ್ಣು ಹುಡುಕುವುದು ಇನ್ನೊಂದನ್ನು. ಇದೇ ದಂಡೆಯ ಮೇಲೆ 1982ರಿಂದ 2005ರ ತನಕ ಹಸಿರು-ಕೆನೆ ಬಣ್ಣದ ಹಳೇ ಟ್ರಾಮ್ ಓಡುತ್ತಿತ್ತು. ಅದು ಎಲ್ಲಿ ಹೋಯಿತು?

ನಿಲ್ಲಿಸುವಾಗ ಹೇಳಿದ್ದು 'ತಾತ್ಕಾಲಿಕ' ಎಂದು. ಇಪ್ಪತ್ತು ವರ್ಷ ಕಳೆದಿದೆ. ಈಗ ಹಳಿಯೂ ಇಲ್ಲ, ತಂತಿಯೂ ಇಲ್ಲ. ಹೊಸದಾಗಿ ಕಟ್ಟಿದ ರಸ್ತೆಯಲ್ಲಿ ಅದಕ್ಕೆ ಜಾಗವನ್ನೂ ಬಿಟ್ಟಿಲ್ಲ. ಜನ ಇಷ್ಟಪಟ್ಟಿದ್ದ ಸವಾರಿ ಇದು. ನಷ್ಟ ಆಯಿತು ಅಂತ ಮುಚ್ಚಿದ್ದಲ್ಲ, ಅಪಘಾತ ಆಯಿತು ಅಂತಲೂ ಅಲ್ಲ. ಮತ್ತೆ ಯಾಕೆ? ಉತ್ತರ ರಸ್ತೆಯ ಮೇಲೆ ಸಿಗುವುದಿಲ್ಲ. ರಾತ್ರಿ ಹೊತ್ತು ಟ್ರಾಮ್ ನಿಲ್ಲುತ್ತಿದ್ದ ಶೆಡ್ಡಿನಲ್ಲಿ ಹುಡುಕಬೇಕು.

ಮೊದಲು ಪದದ ಗೊಂದಲ

ಅಮೆರಿಕದ ಸುದ್ದಿಗಳಲ್ಲಿ ಇದನ್ನು 'ಟ್ರಾಲಿ' ಎಂದು ಬರೆಯುತ್ತಾರೆ. ನಮ್ಮಲ್ಲಿ ಟ್ರಾಲಿ ಅಂದರೆ ಟ್ರ್ಯಾಕ್ಟರ್ ಹಿಂದೆ ಕಬ್ಬು ತುಂಬಿಕೊಂಡು ಬರುವ ಗಾಡಿ, ಇಲ್ಲವೇ ಏರ್‌ಪೋರ್ಟಿನಲ್ಲಿ ಲಗೇಜು ತಳ್ಳುವ ಗಾಡಿ. ಅಲ್ಲಿ ಹಾಗಲ್ಲ. ಟ್ರಾಮಿನ ಚಾವಣಿ ಮೇಲೆ ಉದ್ದನೆಯ ಕೋಲೊಂದು ಇರುತ್ತದೆ. ಅದು ಮೇಲಿನ ತಂತಿಗೆ ತಾಗಿ ಕರೆಂಟ್ ಎಳೆದುಕೊಳ್ಳುತ್ತದೆ. ಆ ಕೋಲಿನ ಹೆಸರು ಟ್ರಾಲಿ ಪೋಲ್. ಅದರಿಂದಲೇ ಇಡೀ ಗಾಡಿಗೆ ಟ್ರಾಲಿ ಎಂಬ ಹೆಸರು ಬಂತು. ಇಲ್ಲಿ ಟ್ರಾಮ್ ಎಂದೇ ಕರೆಯೋಣ.

ಗೂಡ್ಸ್ ಹಳಿ ಮೇಲೆ ಮೆಲ್ಬರ್ನ್ ಟ್ರಾಮ್

ಸಿಯಾಟಲ್‌ನಲ್ಲಿ ಮೊದಲು ಊರ ತುಂಬಾ ಟ್ರಾಮ್ ಇತ್ತು. 1941ರಲ್ಲಿ ಕೊನೆಯ ಟ್ರಾಮ್ ನಿಂತು ಬಸ್ಸು ಬಂತು. ದಂಡೆಯ ಪಕ್ಕದ ಅಲಾಸ್ಕನ್ ವೇ ರಸ್ತೆಯಲ್ಲಿ ಮಾತ್ರ ಗೂಡ್ಸ್ ರೈಲಿನ ಹಳಿ ಉಳಿದಿತ್ತು. ಹಡಗಿನ ಸರಕು ಕಂಟೇನರ್‌ಗೆ ಬದಲಾಗಿ ಬಂದರಿನ ಕೆಲಸ ದಕ್ಷಿಣಕ್ಕೆ ಸರಿದ ಮೇಲೆ ಆ ಹಳಿಗೂ ಕೆಲಸ ಕಮ್ಮಿಯಾಯಿತು.

ಇಲ್ಲಿ ಬರುತ್ತಾರೆ ಜಾರ್ಜ್ ಬೆನ್ಸನ್. ವೃತ್ತಿಯಲ್ಲಿ ಫಾರ್ಮಸಿಸ್ಟ್, ಆಮೇಲೆ ನಗರಸಭೆ ಸದಸ್ಯ. ಹಳಿ ಹೇಗೂ ಬಿದ್ದಿದೆ, ಅದರ ಮೇಲೆ ಹಳೇ ಟ್ರಾಮ್ ಓಡಿಸಬಾರದೇಕೆ ಎಂದು 1970ರ ದಶಕದಲ್ಲಿ ಕೇಳಿದವರು ಅವರು. ಆದರೆ ಸಿಯಾಟಲ್‌ನ ಸ್ವಂತ ಟ್ರಾಮ್‌ಗಳು ಯಾವತ್ತೋ ಗುಜರಿಗೆ ಹೋಗಿದ್ದವು. ಹಾಗಾಗಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಿಂದ 1920ರ ದಶಕದ ವಿನ್ಯಾಸದ 'ಡಬ್ಲ್ಯು2' ಟ್ರಾಮ್‌ಗಳನ್ನು ತರಿಸಿದರು. ಮೆಲ್ಬರ್ನೇ ಯಾಕೆ? ಅಲ್ಲಿನ ಟ್ರಾಮ್ ಹಳಿಯ ಅಗಲವೂ ಅಮೆರಿಕದ ರೈಲು ಹಳಿಯ ಅಗಲವೂ ಒಂದೇ, 1435 ಮಿಲಿಮೀಟರ್. ಮೇಲೆ ತಂತಿ ಎಳೆದರೆ ಸಾಕು, ಗಾಡಿ ಓಡುತ್ತದೆ. ಹೊಸ ಹಳಿ ಹಾಕುವ ದೊಡ್ಡ ಖರ್ಚೇ ಉಳಿಯಿತು.

1982ರ ಮೇ 29ರಂದು ಲೈನ್ ಶುರುವಾಯಿತು. ಮೊದಲು 1.6 ಮೈಲಿ. 1990ರಲ್ಲಿ ಅದನ್ನು ಪಯೊನೀರ್ ಸ್ಕ್ವೇರ್ ದಾಟಿಸಿ ಇಂಟರ್‌ನ್ಯಾಷನಲ್ ಡಿಸ್ಟ್ರಿಕ್ಟ್ ತನಕ ಬೆಳೆಸಿದರು. ಮುಂದೆ ಟ್ರಾಮ್‌ಗಳ ಸಂಖ್ಯೆ ಐದಕ್ಕೆ ಏರಿತು. ಒಳಗೆಲ್ಲ ಮರದ ಕೆಲಸ. ಮುಂದೆ-ಹಿಂದೆ ಎಂಬ ಭೇದವಿಲ್ಲದ ಗಾಡಿ ಅದು. ಕೊನೆ ಸ್ಟಾಪಿನಲ್ಲಿ ತಿರುಗಿಸುವ ತಾಪತ್ರಯವಿಲ್ಲ. ಹಗ್ಗ ಜಗ್ಗಿ ಈ ಕಡೆಯ ಕೋಲು ಇಳಿಸುವುದು, ಆ ಕಡೆಯದು ತಂತಿಗೆ ಏರಿಸುವುದು, ಡ್ರೈವರ್ ತನ್ನ ಹಿಡಿಕೆ ಕಿತ್ತುಕೊಂಡು ಇನ್ನೊಂದು ತುದಿಗೆ ನಡೆಯುವುದು. ಅಷ್ಟಾದರೆ ಗಾಡಿ ವಾಪಸ್ ಹೊರಟಿತು.

ಗಮನಿಸಬೇಕಾದ ಮಾತೊಂದಿದೆ. ಇದು ಮ್ಯೂಸಿಯಂ ಓಡಿಸಿದ ಆಟದ ರೈಲಲ್ಲ. ಊರಿನ ಬಸ್ಸು ಓಡಿಸುವ ಮೆಟ್ರೊ ಸಂಸ್ಥೆಯೇ ಇದನ್ನೂ ಓಡಿಸುತ್ತಿತ್ತು. ರೂಟ್ ನಂಬರ್ ಕೂಡ ಇತ್ತು: 99.

ಶೆಡ್ ಯಾಕೆ ಅಷ್ಟು ಮುಖ್ಯ?

ಬಸ್ಸಾದರೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಡಿಪೋ ಹತ್ತು ಕಿಲೋಮೀಟರ್ ದೂರವಿದ್ದರೂ ಪರವಾಗಿಲ್ಲ, ಓಡಿಸಿಕೊಂಡು ಹೋದರಾಯಿತು. ಟ್ರಾಮಿಗೆ ಆ ಸುಖ ಇಲ್ಲ. ಅದು ಹಳಿ ಬಿಟ್ಟು ಒಂದು ಅಡಿಯೂ ಸರಿಯದು. ಅದರ ಶೆಡ್ ಅದೇ ಹಳಿಗೆ ಕೂಡಿಕೊಂಡೇ ಇರಬೇಕು. ಅಲ್ಲಿ ಗಾಡಿಯ ಕೆಳಗೆ ಇಳಿದು ಕೆಲಸ ಮಾಡಲು ಗುಂಡಿ ಬೇಕು, ಮಳೆಗೆ ಸೂರು ಬೇಕು, ಬಿಡಿಭಾಗ ಇಡಲು ಜಾಗ ಬೇಕು. ಎಂಬತ್ತು ವರ್ಷದ ಗಾಡಿಗೆ ಬಿಡಿಭಾಗ ಅಂಗಡಿಯಲ್ಲಿ ಸಿಗದು, ಎಷ್ಟೋ ಸಲ ಕೈಯಲ್ಲೇ ಮಾಡಿಕೊಳ್ಳಬೇಕು.

ಸಿಯಾಟಲ್ ಟ್ರಾಮಿಗೆ ಇದ್ದದ್ದು ಒಂದೇ ಶೆಡ್, ಲೈನಿನ ಉತ್ತರ ತುದಿಯಲ್ಲಿ, ಬ್ರಾಡ್ ಸ್ಟ್ರೀಟ್ ಹತ್ತಿರ. ಇನ್ನೊಂದು ಇರಲಿಲ್ಲ. ಕೊಟ್ಟಿಗೆ ಕೆಡವಿದರೆ ದನ ಬಯಲಿಗೆ ಬೀಳುತ್ತದಲ್ವಾ, ಹಾಗೇ.

ಪಾರ್ಕು ಬಂತು, ಶೆಡ್ ಹೋಯಿತು

ಶೆಡ್ಡಿನ ಪಕ್ಕದಲ್ಲಿ ಹಿಂದೆ ಎಣ್ಣೆ ಕಂಪನಿಯೊಂದರ ಟ್ಯಾಂಕುಗಳಿದ್ದ ಜಾಗವಿತ್ತು. ಮಣ್ಣೆಲ್ಲ ಕೆಟ್ಟಿತ್ತು. ಆ ನೆಲವನ್ನು ಶುದ್ಧ ಮಾಡಿಸಿ ಸಿಯಾಟಲ್ ಆರ್ಟ್ ಮ್ಯೂಸಿಯಂ ಅಲ್ಲಿ ಒಂಬತ್ತು ಎಕರೆಯ ಒಲಿಂಪಿಕ್ ಶಿಲ್ಪ ಉದ್ಯಾನ ಮಾಡಲು ಹೊರಟಿತು. ಊರಿನ ಮಧ್ಯದಿಂದ ನೀರಿನಂಚಿನ ತನಕ ಒಂದೇ ಹರಿವಿನಲ್ಲಿ ಇಳಿಯುವ ಹುಲ್ಲುಹಾಸು, ಎದುರಿಗೆ ಕೊಲ್ಲಿ ಮತ್ತು ಹಿಮದ ಬೆಟ್ಟ. ಪ್ರವೇಶ ಉಚಿತ. ಒಳ್ಳೆಯ ಯೋಜನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ನೋಟಕ್ಕೆ ಅಡ್ಡ ನಿಂತದ್ದು ತಗಡಿನ ಟ್ರಾಮ್ ಶೆಡ್.

ಶೆಡ್ಡನ್ನೂ ವಿನ್ಯಾಸದೊಳಗೆ ಸೇರಿಸಿ ಎಂದು ಟ್ರಾಮ್ ಪರ ಇದ್ದವರು ಕೇಳಿದರು. ಆಗಲಿಲ್ಲ. ಬದಲಿಗೆ ಪಯೊನೀರ್ ಸ್ಕ್ವೇರ್‌ನಲ್ಲಿ ಏಳಲಿದ್ದ ಕಟ್ಟಡವೊಂದರ ನೆಲಮಹಡಿಯಲ್ಲಿ ಹೊಸ ಶೆಡ್ ಎಂಬ ಯೋಜನೆ ಬಂತು. ಈ ಮಾತಿನ ಮೇಲೆ 2005ರ ನವೆಂಬರ್ 18ರಂದು ಟ್ರಾಮ್ ನಿಂತಿತು, ಹಳೇ ಶೆಡ್ ನೆಲಕ್ಕುರುಳಿತು. ಹೊಸ ಶೆಡ್ ಮಾತ್ರ ಏಳಲೇ ಇಲ್ಲ. ಖಾಸಗಿ ಕಟ್ಟಡದ ಆ ಯೋಜನೆಯೇ ಬಿದ್ದುಹೋಯಿತು.

ಇಡೀ ಕತೆಯ ಗಂಟು ಇರುವುದು ಇಲ್ಲೇ. ಹೊಸದು ಕಟ್ಟಿ ಹಳೆಯದು ಕೆಡವಿದ್ದರೆ ಟ್ರಾಮ್ ಉಳಿಯುತ್ತಿತ್ತು. ಮೊದಲು ಕೆಡವಿ ಆಮೇಲೆ ಕಟ್ಟುತ್ತೇವೆ ಅಂದಾಗ ಅದರ ಭವಿಷ್ಯ ಪೂರ್ತಿ ಇನ್ನೊಬ್ಬರ ಕೈಗೆ ಹೋಯಿತು. ಲೈನಿಗೆ ಜೀವ ಕೊಟ್ಟ ಬೆನ್ಸನ್ 2004ರಲ್ಲೇ ತೀರಿಕೊಂಡಿದ್ದರು. ನಗರಸಭೆಯ ಒಳಗೆ ಗಲಾಟೆ ಮಾಡುವವರೂ ಇರಲಿಲ್ಲ.

ಟ್ರಾಮಿನ ಬದಲು ಮೆಟ್ರೊ ಸಂಸ್ಥೆ ಬಸ್ಸು ಬಿಟ್ಟಿತು. ಜನರಿಗೆ ಬೇಜಾರಾಗಬಾರದು ಅಂತ ಬಸ್ಸಿಗೆ ಟ್ರಾಮಿನ ಹಸಿರು-ಕೆನೆ ಬಣ್ಣ ಬಳಿದರು. ಬಣ್ಣ ನೋಡಿ ಯಾರು ಬಸ್ ಹತ್ತುತ್ತಾರೆ? ಮುಂದೆ ಆ ಬಸ್ಸೂ ನಿಂತಿತು.

ಎರಡನೇ ಪೆಟ್ಟು: ಮೇಲ್ಸೇತುವೆ, ಸುರಂಗ, ಮರ ತಿನ್ನುವ ಹುಳ

ಶೆಡ್ ಒಂದೇ ಸಮಸ್ಯೆಯಾಗಿದ್ದರೆ ಐದಾರು ವರ್ಷದಲ್ಲಿ ಏನಾದರೂ ದಾರಿ ಸಿಗುತ್ತಿತ್ತೇನೋ. ಆದರೆ ಟ್ರಾಮ್ ನಿಲ್ಲುವ ಹೊತ್ತಿಗೆ ದಂಡೆಯ ಮೇಲೆ ಅದಕ್ಕಿಂತ ದೊಡ್ಡ ತಲೆನೋವು ಕೂತಿತ್ತು.

ದಂಡೆಯ ಉದ್ದಕ್ಕೂ 1950ರ ದಶಕದ ಎರಡಂತಸ್ತಿನ ಮೇಲ್ಸೇತುವೆ ಇತ್ತು, ಅಲಾಸ್ಕನ್ ವೇ ವಯಾಡಕ್ಟ್. ಟ್ರಾಮ್ ಓಡುತ್ತಿದ್ದುದು ಅದರ ಪಕ್ಕದಲ್ಲೇ. 2001ರ ಫೆಬ್ರುವರಿ 28ರಂದು 6.8 ತೀವ್ರತೆಯ ನಿಸ್ಕ್ವಾಲಿ ಭೂಕಂಪ ಆಯಿತು. ಸೇತುವೆಗೆ ಪೆಟ್ಟು ಬಿತ್ತು. ಇನ್ನೊಂದು ಭೂಕಂಪ ಆದರೆ ಕುಸಿಯಬಹುದು ಎಂದು ಇಂಜಿನಿಯರ್‌ಗಳು ಹೇಳಿದರು. ಕೆಡವಬೇಕು ಸರಿ, ಅದರ ಜಾಗದಲ್ಲಿ ಏನು? ಹೊಸ ಮೇಲ್ಸೇತುವೆಯೋ ಸುರಂಗವೋ ಎಂದು 2007ರಲ್ಲಿ ಜನರನ್ನೇ ಕೇಳಿದರು. ಜನ ಎರಡಕ್ಕೂ ಬೇಡ ಎಂದು ಓಟು ಹಾಕಿದರು! ಕೊನೆಗೆ 2009ರಲ್ಲಿ ಊರಿನ ಕೆಳಗೆ ಆಳದಲ್ಲಿ ಸುರಂಗ ಕೊರೆಯುವ ತೀರ್ಮಾನ ಆಯಿತು. ಕೊರೆಯುವ ಯಂತ್ರಕ್ಕೆ 'ಬರ್ಥಾ' ಎಂದು ಹೆಸರಿಟ್ಟರು. 1920ರ ದಶಕದಲ್ಲಿ ಸಿಯಾಟಲ್‌ನ ಮೇಯರ್ ಆಗಿದ್ದ ಬರ್ಥಾ ನೈಟ್ ಲ್ಯಾಂಡಿಸ್ ನೆನಪಿಗೆ. 2013ರ ಡಿಸೆಂಬರ್‌ನಲ್ಲಿ ಆ ಯಂತ್ರ ನೆಲದೊಳಗೇ ಸಿಕ್ಕಿಹಾಕಿಕೊಂಡಿತು. ಎರಡು ವರ್ಷ ಅಲ್ಲಾಡಲಿಲ್ಲ. ಸುರಂಗ ತೆರೆದದ್ದು 2019ರ ಫೆಬ್ರುವರಿಯಲ್ಲಿ. ಸೇತುವೆ ಕೆಡವಿದ್ದು ಅದೇ ವರ್ಷ.

ಇದರ ಜೊತೆಗೇ ಕಡಲಗೋಡೆಯ ಕತೆ. ದಂಡೆಯನ್ನು ಹಿಡಿದು ನಿಲ್ಲಿಸಿದ್ದ ಹಳೇ ಗೋಡೆಯ ಅಡಿಯಲ್ಲಿ ಮರದ ರಚನೆ ಇತ್ತು. ಗ್ರಿಬಲ್ ಎಂಬ ಪುಟ್ಟ ಸಮುದ್ರಜೀವಿ, ಸಿಗಡಿ-ಏಡಿಗಳ ದೂರದ ನೆಂಟ ಅನ್ನಬಹುದು, ಆ ಮರವನ್ನು ಸದ್ದಿಲ್ಲದೆ ತಿಂದು ಟೊಳ್ಳು ಮಾಡಿತ್ತು. ಗೋಡೆ ಹೊಸದಾಗಿ ಕಟ್ಟಲು 2012ರಲ್ಲಿ ಮತದಾರರು 29 ಕೋಟಿ ಡಾಲರ್ ಸಾಲಪತ್ರಕ್ಕೆ ಒಪ್ಪಿಗೆ ಕೊಟ್ಟರು. ಗೋಡೆ ಕಟ್ಟಬೇಕಾದರೆ ರಸ್ತೆ ಅಗೆಯಬೇಕು. ರಸ್ತೆ ಅಗೆದರೆ ಹಳಿ ಕೀಳಬೇಕು.

ಅಂದರೆ ಆದದ್ದು ಇಷ್ಟು. ಶೆಡ್ ಇಲ್ಲದ ಕಾರಣ ಟ್ರಾಮ್ ನಿಂತಿತ್ತು. ಓಡದ ಟ್ರಾಮಿನ ಹಳಿ ಕಿತ್ತರೆ ಯಾರಿಗೂ ತೊಂದರೆ ಇಲ್ಲ. ಹೇಗೂ ರಸ್ತೆ ಅಗೆಯುತ್ತಾರೆ ಅಂತ ಗೊತ್ತಿರುವಾಗ ಹೊಸ ಶೆಡ್ಡಿಗೆ ದುಡ್ಡು ಹಾಕುವವರೂ ಇಲ್ಲ. ಒಂದಕ್ಕೆ ಇನ್ನೊಂದು ನೆಪ. ಹೊಸ ರಸ್ತೆಯ ನಕ್ಷೆ ಬರೆಯುವ ಹೊತ್ತಿಗೆ ಟ್ರಾಮ್ ಎಂಬುದು 'ಇರುವ ಸೇವೆ' ಆಗಿರಲಿಲ್ಲ, 'ಬೇಕಾದರೆ ಸೇರಿಸಬಹುದಾದ ವಸ್ತು' ಆಗಿತ್ತು. ಇರುವುದನ್ನು ತೆಗೆಯಲು ಕಾರಣ ಕೊಡಬೇಕು. ಇಲ್ಲದ್ದನ್ನು ಸೇರಿಸದಿರಲು ಯಾರೂ ಕಾರಣ ಕೇಳುವುದಿಲ್ಲ.

ಬೇಡ ಅಂದವರ ಮಾತಿನಲ್ಲೂ ಹುರುಳಿದೆ

ಟ್ರಾಮ್ ಅಭಿಮಾನಿಗಳು ಹೇಳುವಷ್ಟು ಸುಲಭವಾಗಿ ಈ ಲೆಕ್ಕ ಮುಗಿಯುವುದಿಲ್ಲ.

ಮೊದಲನೆಯದು ಜಾಗ. ಹೊಸ ಅಲಾಸ್ಕನ್ ವೇ ರಸ್ತೆಗೆ ಹೊಣೆಗಳು ಜಾಸ್ತಿ. ಕೋಲ್ಮನ್ ಡಾಕ್‌ನಿಂದ ಕಾರುಗಳನ್ನೂ ಹೊತ್ತು ಹೊರಡುವ ಫೆರಿಗಳಿವೆ, ಆ ಕಾರುಗಳು ಸಾಲು ನಿಲ್ಲಬೇಕು. ಬಸ್ಸಿಗೆ ಬೇರೆ ಲೇನ್ ಬೇಕು, ಲಾರಿಗಳೂ ಹೋಗಬೇಕು. ಇದೆಲ್ಲ ಸೇರಿ ದಕ್ಷಿಣ ಭಾಗದಲ್ಲಿ ರಸ್ತೆ ಎಂಟು ಲೇನಿನ ತನಕ ಅಗಲವಾಗಿದೆ. ಅದರ ಮೇಲೆ ಟ್ರಾಮಿಗೂ ಜಾಗ ಕೊಟ್ಟರೆ ಕಾಲುದಾರಿಯೋ ಗಿಡಮರವೋ ಕಮ್ಮಿಯಾಗಬೇಕು. ಎಂಟು ಲೇನ್ ಹಾಕಿದವರು ಟ್ರಾಮಿಗೆ ಜಾಗವಿಲ್ಲ ಅನ್ನುವುದು ವಿಚಿತ್ರ, ನಿಜ. ಆದರೆ ಫೆರಿ ಸಾಲನ್ನು ಕಡಲೊಳಗೆ ನಿಲ್ಲಿಸಲಾಗದು ಎಂಬುದೂ ನಿಜ.

ಎರಡನೆಯದು ಆಳು-ಖರ್ಚು. ಹಳೇ ಟ್ರಾಮಿಗೆ ಡ್ರೈವರ್ ಜೊತೆ ಕಂಡಕ್ಟರ್ ಕೂಡ ಬೇಕು. ಬಸ್ಸಿಗೆ ಅಲ್ಲಿ ಒಬ್ಬರೇ ಸಾಕು. ಸಂಬಳವೇ ದೊಡ್ಡ ಖರ್ಚಾಗಿರುವ ದೇಶದಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ಗಾಲಿಕುರ್ಚಿಯವರು ಹತ್ತುವ ಅನುಕೂಲ, ಈಗಿನ ಬ್ರೇಕ್ ಮತ್ತು ಸುರಕ್ಷತೆಯ ನಿಯಮ, ಇವೂ ಖರ್ಚು ಏರಿಸುತ್ತವೆ.

ಆದರೂ ದುಡ್ಡಿಲ್ಲ ಎಂಬ ವಾದ ಅಷ್ಟಾಗಿ ನಿಲ್ಲುವುದಿಲ್ಲ. ದಂಡೆಯ ಟ್ರಾಮ್ ನಿಂತ ಎರಡೇ ವರ್ಷಕ್ಕೆ, 2007ರ ಡಿಸೆಂಬರ್‌ನಲ್ಲಿ, ಇದೇ ಊರು ಸೌತ್ ಲೇಕ್ ಯೂನಿಯನ್ ಬಡಾವಣೆಗೆ ಹೊಚ್ಚ ಹೊಸ ಟ್ರಾಮ್ ಲೈನ್ ಹಾಕಿತು. ಹೊಸ ಶೆಡ್ಡನ್ನೂ ಕಟ್ಟಿತು. ಖರ್ಚಿನ ಸುಮಾರು ಅರ್ಧ ಆ ಬಡಾವಣೆಯ ಆಸ್ತಿ ಮಾಲೀಕರಿಂದ ಬಂತು. ಅಲ್ಲಿ ಆಫೀಸು ಕಟ್ಟಡಗಳು ಏಳುತ್ತಿದ್ದವು, ಟ್ರಾಮ್ ಬಂದರೆ ಜಾಗದ ಬೆಲೆ ಏರುತ್ತದೆ ಎಂದು ಅವರಿಗೆ ಗೊತ್ತಿತ್ತು. ದಂಡೆಯ ಟ್ರಾಮಿಗೆ ಅಂಥ ವಾರಸುದಾರರು ಇರಲಿಲ್ಲ. ಅದು ಎಲ್ಲರಿಗೂ ಇಷ್ಟವಾಗಿತ್ತು, ಯಾರೊಬ್ಬರ ಜವಾಬ್ದಾರಿಯೂ ಆಗಿರಲಿಲ್ಲ.

ಅದೇ ಬಗೆಯ ಪೆಟ್ಟು, ಬೇರೆ ಊರು

ಸ್ಯಾನ್ ಫ್ರಾನ್ಸಿಸ್ಕೋ ಕತೆ ಪಕ್ಕದಲ್ಲಿಟ್ಟು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲೂ ದಂಡೆಯ ಮೇಲೆ ಎರಡಂತಸ್ತಿನ ಎಂಬಾರ್ಕಡೆರೊ ಮೇಲ್ಸೇತುವೆ ಇತ್ತು. 1989ರ ಲೋಮಾ ಪ್ರಿಯೇಟಾ ಭೂಕಂಪದಲ್ಲಿ ಅದಕ್ಕೂ ಪೆಟ್ಟು ಬಿತ್ತು. 1991ರಲ್ಲಿ ಕೆಡವಿದರು. ದಂಡೆಗೆ ಹೊಸ ರಸ್ತೆ ಮಾಡುವಾಗ ನಡುವೆ ಟ್ರಾಮ್ ಹಳಿ ಹಾಕಿದರು. 2000ದ ಮಾರ್ಚ್‌ನಿಂದ ಹಳೇ ಟ್ರಾಮ್‌ಗಳ ಎಫ್ ಲೈನ್ ಮಾರ್ಕೆಟ್ ಸ್ಟ್ರೀಟ್‌ನಿಂದ ಫಿಶರ್‌ಮನ್ಸ್ ವಾರ್ಫ್ ತನಕ ಓಡುತ್ತಿದೆ. ಮಿಲಾನ್‌ನಿಂದ ತಂದ ಟ್ರಾಮ್‌ಗಳೂ ಅಲ್ಲಿವೆ, ಅಮೆರಿಕದ ಬೇರೆ ಬೇರೆ ಊರುಗಳ ಬಣ್ಣ ಬಳಿದುಕೊಂಡ ಗಾಡಿಗಳೂ ಇವೆ.

ಒಂದೇ ಬಗೆಯ ಸೇತುವೆ, ಒಂದೇ ಬಗೆಯ ಪೆಟ್ಟು. ಒಂದು ಊರು ಸೇತುವೆ ಕೆಡವಿ ಟ್ರಾಮ್ ತಂದಿತು, ಇನ್ನೊಂದು ಸೇತುವೆಯ ಜೊತೆ ಟ್ರಾಮನ್ನೂ ಕಳೆದುಕೊಂಡಿತು. ಯಾಕೆ? ಎಫ್ ಲೈನ್ ಊರಿನ ಮುಖ್ಯ ರಸ್ತೆಯಲ್ಲೇ ಓಡುತ್ತದೆ. ಪ್ರವಾಸಿಗರ ಜೊತೆ ಆಫೀಸಿಗೆ ಹೋಗುವವರೂ ಹತ್ತುತ್ತಾರೆ. ಹಳಿ ಉಳಿದ ಟ್ರಾಮ್ ಜಾಲಕ್ಕೆ ಕೂಡಿಕೊಂಡಿದೆ, ಆದ್ದರಿಂದ ರಿಪೇರಿಗೂ ರಾತ್ರಿ ನಿಲ್ಲಲೂ ಇರುವ ಡಿಪೋಗಳೇ ಸಾಕು. ಸಿಯಾಟಲ್ ಲೈನ್ ದಂಡೆಗೆ ಅಂಟಿಕೊಂಡ ಒಂಟಿ ಹಳಿ. ಎಳೆಯಲು ಒಂದೇ ದಾರ ಇತ್ತು, ಅದು ತುಂಡಾಯಿತು.

'ತಾತ್ಕಾಲಿಕ' ಎಂಬ ಮಾತು ಎಲ್ಲೆಲ್ಲಿ ಕೇಳಿಬಂತು

ಲಾಸ್ ಏಂಜಲಿಸ್ ಬಂದರಿನ ಸ್ಯಾನ್ ಪೆಡ್ರೊದಲ್ಲಿ 2003ರ ಜುಲೈನಲ್ಲಿ 'ರೆಡ್ ಕಾರ್' ಟ್ರಾಮ್ ಶುರುವಾಯಿತು. ಅದನ್ನು ಕಟ್ಟಿದ್ದು ಬಂದರು ಆಡಳಿತವೇ. 2015ರ ಸೆಪ್ಟೆಂಬರ್‌ನಲ್ಲಿ ನಿಂತಿತು. ದಂಡೆಯ ಅಭಿವೃದ್ಧಿಗೆ ರಸ್ತೆ ಸರಿಸಬೇಕಾಗಿತ್ತು, ಹಳಿ ಅಡ್ಡ ಬಂತು. ಮೆಂಫಿಸ್‌ನಲ್ಲಿ ಎರಡು ಟ್ರಾಮ್‌ಗೆ ಬೆಂಕಿ ಬಿದ್ದು 2014ರಲ್ಲಿ ಇಡೀ ಸೇವೆ ನಿಂತಿತು. ಮುಖ್ಯ ಲೈನ್ 2018ರಲ್ಲಿ ವಾಪಸ್ ಬಂತು, ಮಿಸಿಸಿಪ್ಪಿ ನದಿದಂಡೆಯ ಸುತ್ತು ಬರಲಿಲ್ಲ. 2024ರಲ್ಲಿ ಮುಖ್ಯ ಲೈನ್ ಕೂಡ ಮತ್ತೆ ನಿಂತಿತು.

ನಮ್ಮ ದೇಶದ ಲೆಕ್ಕವೂ ಬೇರೆಯಲ್ಲ. ಬೆಂಗಳೂರು ಟ್ರಾಮ್ ನೋಡಲೇ ಇಲ್ಲ. ಚೆನ್ನೈಯಲ್ಲಿ 1953ಕ್ಕೆ, ಮುಂಬೈಯಲ್ಲಿ 1964ಕ್ಕೆ ಮುಗಿಯಿತು. ಉಳಿದದ್ದು ಕೋಲ್ಕತ್ತ. ಅಲ್ಲಿನ ಮೊದಲ ಟ್ರಾಮ್ ಓಡಿದ್ದೂ ದಂಡೆಯ ಕಡೆಗೇ, 1873ರಲ್ಲಿ ಕುದುರೆ ಕಟ್ಟಿಕೊಂಡು, ಸಿಯಾಲ್ದಾದಿಂದ ಹೂಗ್ಲಿ ದಡದ ಆರ್ಮೇನಿಯನ್ ಘಾಟಿಗೆ. 2024ರ ಸೆಪ್ಟೆಂಬರ್‌ನಲ್ಲಿ ಪಶ್ಚಿಮ ಬಂಗಾಳದ ಸಾರಿಗೆ ಸಚಿವರು ಮೈದಾನ್–ಎಸ್‌ಪ್ಲನೇಡ್ ನಡುವಿನ ಒಂದು ತುಂಡನ್ನು 'ಪಾರಂಪರಿಕ' ಸವಾರಿಯಾಗಿ ಇಟ್ಟುಕೊಂಡು ಉಳಿದದ್ದು ನಿಲ್ಲಿಸುತ್ತೇವೆ ಎಂದರು. ಕಿರಿದಾದ ರಸ್ತೆ, ನಿಧಾನದ ಗಾಡಿ, ಟ್ರಾಫಿಕ್ ಜಾಮ್ ಎಂಬುದು ಸರ್ಕಾರದ ವಾದ. ಹೊಗೆ ಇಲ್ಲದ ಗಾಡಿಯನ್ನು ಕೈಬಿಟ್ಟು ಹೊಗೆಯ ಗಾಡಿಗೆ ರಸ್ತೆ ಕೊಡುತ್ತೀರಾ ಎಂಬುದು ಟ್ರಾಮ್ ಪರರ ವಾದ.

ಪಾರಂಪರಿಕ ಎಂಬ ಶಾಲು ಹೊದಿಸಿದರೆ ಗೌರವ ಕೊಟ್ಟಂತೆ ಕಾಣುತ್ತದೆ. ಆದರೆ ಶಾಲು ಹೊದಿಸುವುದು ನಿವೃತ್ತಿಯ ದಿನ. ಆಮೇಲೆ ಆ ಗಾಡಿ ಬಜೆಟ್ಟಿನಲ್ಲಿ ಸಾರಿಗೆಯ ಪುಟದಿಂದ ಎದ್ದು ಪ್ರವಾಸೋದ್ಯಮದ ಪುಟಕ್ಕೆ ಹೋಗಿ ಕೂರುತ್ತದೆ. ಬಸ್ ರೂಟ್ ನಿಲ್ಲಿಸಿದರೆ ಕೆಲಸಕ್ಕೆ ಹೋಗುವವರು ಬೀದಿಗಿಳಿಯುತ್ತಾರೆ. ಪ್ರವಾಸಿಗರು ಬೀದಿಗಿಳಿಯುವುದಿಲ್ಲ, ಬೇರೆ ಊರಿಗೆ ಹೋಗುತ್ತಾರೆ.

ಈಗ ವಾಪಸ್ ತರಬಹುದೇ?

ಟ್ರಾಮ್ ಇಲ್ಲದ್ದರಿಂದ ಸಿಯಾಟಲ್‌ಗೆ ಏನು ಕಷ್ಟ? ದಂಡೆ ಉದ್ದವಿದೆ. ಫೆರಿ ಕಟ್ಟೆ, ಅಕ್ವೇರಿಯಂ, ಶಿಲ್ಪ ಉದ್ಯಾನ ಎಲ್ಲ ಸಾಲಾಗಿವೆ, ಆದರೆ ಹತ್ತಿರ ಹತ್ತಿರ ಇಲ್ಲ. ಮೈಕ್ರೋಸಾಫ್ಟ್, ಅಮೆಜಾನ್ ಅಂತ ಅಲ್ಲಿ ನೆಲೆಸಿದ ಕನ್ನಡಿಗರ ಮನೆಗೆ ಬೇಸಿಗೆಯಲ್ಲಿ ಊರಿಂದ ಅಪ್ಪ-ಅಮ್ಮ ಬಂದಿರುತ್ತಾರೆ. ಪೈಕ್ ಪ್ಲೇಸ್ ಮಾರ್ಕೆಟ್ ತೋರಿಸಿ ದಂಡೆಗೆ ಇಳಿಸಿದ ಮೇಲೆ ಮಂಡಿನೋವಿನವರು ಆ ಉದ್ದ ನಡೆಯುವುದು ಹೇಗೆ? ಬೇಸಿಗೆಯಲ್ಲಿ ಉಚಿತ ಶಟಲ್ ಬಸ್ಸು ಓಡಿಸಿದ್ದಾರೆ. ಒಳ್ಳೆಯದೇ. ಆದರೆ ಶಟಲ್ ಬಸ್ಸನ್ನು ಒಂದು ಪತ್ರದಲ್ಲಿ ಶುರು ಮಾಡಬಹುದು, ಒಂದು ಪತ್ರದಲ್ಲಿ ನಿಲ್ಲಿಸಲೂಬಹುದು.

ದಂಡೆಯ ಮೇಲೇ ಮತ್ತೆ ಹಳಿ ಹಾಕುವುದು ಸದ್ಯಕ್ಕೆ ಆಗದ ಮಾತು. ಹೊಸ ರಸ್ತೆಯನ್ನು ಯಾರೂ ಮತ್ತೆ ಅಗೆಯರು. ಉಳಿದ ದಾರಿ ಒಂದೇ, ಅದಕ್ಕೆ ಸಮಾನಾಂತರವಾಗಿ ಸ್ವಲ್ಪ ಎತ್ತರದಲ್ಲಿರುವ ಫಸ್ಟ್ ಅವೆನ್ಯೂ. ಸೌತ್ ಲೇಕ್ ಯೂನಿಯನ್ ಲೈನ್ ಮತ್ತು 2016ರಲ್ಲಿ ಶುರುವಾದ ಫಸ್ಟ್ ಹಿಲ್ ಲೈನ್, ಎರಡೂ ಒಂದನ್ನೊಂದು ಮುಟ್ಟದೆ ನಿಂತಿವೆ. ಈ ರಸ್ತೆಯಲ್ಲಿ ಹಳಿ ಹಾಕಿ ಅವನ್ನು ಜೋಡಿಸುವ ಯೋಜನೆ ಇತ್ತು. ಮೆಲ್ಬರ್ನ್ ಟ್ರಾಮ್‌ಗಳನ್ನೂ ಅಲ್ಲಿ ಓಡಿಸಿ ಎಂದು ಅಭಿಮಾನಿಗಳು ಕೇಳಿದ್ದರು. ಎರಡು ಶೆಡ್ ಈಗಾಗಲೇ ಇರುವ ಜಾಲ ಅದು, ಅಲ್ವಾ? ಆದರೆ ಖರ್ಚು ಕೈಮೀರಿತು ಎಂದು 2018ರಲ್ಲಿ ಆಗಿನ ಮೇಯರ್ ಜೆನ್ನಿ ಡರ್ಕನ್ ಆ ಕೆಲಸ ನಿಲ್ಲಿಸಿದರು. ಅದು ಕಾಗದದಿಂದ ಆಚೆ ಬರಲೇ ಇಲ್ಲ.

ಇತ್ತ ಐದು ಟ್ರಾಮ್‌ಗಳಲ್ಲಿ ಮೂರನ್ನು ಸೇಂಟ್ ಲೂಯಿಸ್ ನಗರದ 'ಲೂಪ್ ಟ್ರಾಲಿ'ಗೆ ಮಾರಿಯಾಗಿದೆ. 2018ರ ಕೊನೆಯಲ್ಲಿ ಶುರುವಾದ ಆ ಲೈನ್ 2019ರ ಡಿಸೆಂಬರ್‌ನಲ್ಲಿ ದುಡ್ಡಿಲ್ಲದೆ ನಿಂತಿತು. 2022ರಲ್ಲಿ ಮತ್ತೆ ಹೊರಟಿತು. ಅಲ್ಲಿ ಶೆಡ್ ಕೆಡವಿರಲಿಲ್ಲ.